ಶಾಸಕರ ಕಾರಿನಲ್ಲಿ ಕೂತ ಪ್ರೊಫೆಸರ್: ರಿಚರ್ಡ್ ಫೆನ್ನೋ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ರಾಜ್ಯಶಾಸ್ತ್ರದ ಪಾಠದಲ್ಲಿ ನಾನು ಏನಾದರೊಂದು ನೆಪ ತೆಗೆದು ಫೆನ್ನೋ ಹೆಸರು ಹೇಳುತ್ತೇನೆ. ಆಮೇಲೆ ಕಾರಿಡಾರಿನಲ್ಲಿ, ಕ್ಯಾಂಟೀನಿನಲ್ಲಿ, ವಾಟ್ಸಾಪಿನಲ್ಲಿ ಅವೇ ಪ್ರಶ್ನೆಗಳು ಬರುತ್ತವೆ. ಪ್ರತಿ ವರ್ಷ ಹೊಸ ಹುಡುಗರು, ಹಳೇ ಪ್ರಶ್ನೆ. ಹೇಳಿ ಹೇಳಿ ಗಂಟಲು ಒಣಗಿದ್ದರಿಂದ ಈ ಸಲ ಬರೆದೇ ಇಟ್ಟಿದ್ದೇನೆ.

ಯಾರು ಸಾರ್ ಈ ಫೆನ್ನೋ?

ಅಮೆರಿಕದ ರಾಜ್ಯಶಾಸ್ತ್ರ ಪ್ರೊಫೆಸರ್. ಹುಟ್ಟಿದ್ದು 1926ರಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದ ವಿಂಚೆಸ್ಟರ್‌ನಲ್ಲಿ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ನೌಕಾಪಡೆಯಲ್ಲಿದ್ದರು. 1948ರಲ್ಲಿ ಆಮ್‌ಹರ್ಸ್ಟ್ ಕಾಲೇಜಿನಿಂದ ಪದವಿ, 1956ರಲ್ಲಿ ಹಾರ್ವರ್ಡ್‌ನಿಂದ ಪಿಎಚ್‌ಡಿ. 1957ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ವಿಶ್ವವಿದ್ಯಾಲಯ ಸೇರಿದರು. 2003ರಲ್ಲಿ ನಿವೃತ್ತರಾಗುವವರೆಗೂ ಅಲ್ಲೇ ಇದ್ದರು. ಒಂದೇ ಊರು, ಒಂದೇ ವಿಭಾಗ, 46 ವರ್ಷ. 2020ರಲ್ಲಿ ತೀರಿಕೊಂಡಾಗ ಅವರಿಗೆ 93 ವರ್ಷ.

ರಾಚೆಸ್ಟರ್ ಅಂದರೆ ಕೊಡಾಕ್ ಕ್ಯಾಮೆರಾ ಕಂಪನಿಯ ಊರು. ಒಂಟಾರಿಯೋ ಸರೋವರದ ದಂಡೆಯಲ್ಲಿದೆ. ಚಳಿಗಾಲದಲ್ಲಿ ಹಿಮ ಜಾಸ್ತಿ. ರಾಜಧಾನಿ ವಾಷಿಂಗ್ಟನ್‌ಗೂ ಅದಕ್ಕೂ ಬಹಳ ದೂರ. ಅಷ್ಟು ದೂರ ಕೂತು ಸಂಸತ್ತಿನ ಬಗ್ಗೆ ಬರೆದವರು ಅವರು, ಅಂತ ಅಂದುಕೊಳ್ಳಬೇಡಿ. ಅವರು ಕೂತಿದ್ದು ಬೇರೆ ಕಡೆ. ಮುಂದೆ ಹೇಳುತ್ತೇನೆ.

ಅವರು ಕಾಂಗ್ರೆಸ್ ಬಗ್ಗೆ ಸಂಶೋಧನೆ ಮಾಡಿದರು ಅಂತೀರಿ. ನಮ್ಮ ಕಾಂಗ್ರೆಸ್ಸಾ?

ಅಲ್ಲ ಮಾರಾಯರೇ. ಅಮೆರಿಕದಲ್ಲಿ ಸಂಸತ್ತಿಗೇ ಕಾಂಗ್ರೆಸ್ ಅನ್ನುತ್ತಾರೆ. ಅದರಲ್ಲಿ ಎರಡು ಮನೆ: 435 ಜನರ ಪ್ರತಿನಿಧಿ ಸಭೆ, 100 ಜನರ ಸೆನೆಟ್. ಸೆನೆಟರ್‌ಗಳಿಗೆ 6 ವರ್ಷದ ಅವಧಿ. ಪ್ರತಿನಿಧಿ ಸಭೆಯವರಿಗೆ ಬರೀ 2 ವರ್ಷ. ಗೆದ್ದ ಹಾರ ಬಾಡುವ ಮೊದಲೇ ಮುಂದಿನ ಚುನಾವಣೆಯ ಚಿಂತೆ ಶುರುವಾಗುತ್ತದೆ. ಈ 2 ವರ್ಷವನ್ನು ನೆನಪಿಡಿ. ಫೆನ್ನೋ ಹೇಳಿದ್ದರಲ್ಲಿ ಬಹುಪಾಲು ಇದರ ಮೇಲೆ ನಿಂತಿದೆ.

ಮೊದಲಿಂದಲೂ ಶಾಸನಸಭೆಯನ್ನೇ ಹಿಡಿದರಾ?

ಇಲ್ಲ. 1959ರಲ್ಲಿ ಬಂದ ಅವರ ಮೊದಲ ಪುಸ್ತಕ ಅಧ್ಯಕ್ಷರ ಸಂಪುಟದ ಬಗ್ಗೆ. ಅಂದರೆ ಅವರು ಶುರು ಮಾಡಿದ್ದು ಕಾರ್ಯಾಂಗದಿಂದ. ಪಿಎಚ್‌ಡಿ ವಿಷಯಕ್ಕೆ ಜೀವನಪೂರ್ತಿ ಅಂಟಿಕೊಂಡಿರಬೇಕು ಅಂತ ಹೆದರುವ ಹುಡುಗರಿಗೆ ಇದನ್ನು ಹೇಳುತ್ತಿರುತ್ತೇನೆ.

ಸಭೆಯ ಬಗ್ಗೆ ಬರೆಯಲು ಸಭೆಗೇ ಹೋಗಬೇಕಾ? ಕಡತ ಓದಿದರೆ ಸಾಲದಾ?

ಇದಕ್ಕೆ ಒಂದು ಹಳೇ ಕಥೆಯಿದೆ. 1885ರಲ್ಲಿ ವುಡ್ರೋ ವಿಲ್ಸನ್ ಎಂಬ ಯುವಕ ಅಮೆರಿಕದ ಕಾಂಗ್ರೆಸ್ ಬಗ್ಗೆ ಒಂದು ಪುಸ್ತಕ ಬರೆದ. ಆಗ ಅವನು ಬಾಲ್ಟಿಮೋರ್‌ನಲ್ಲಿ ವಿದ್ಯಾರ್ಥಿ. ವಾಷಿಂಗ್ಟನ್ ಅಲ್ಲಿಂದ ರೈಲು ಹತ್ತಿದರೆ ಸಿಗುವಷ್ಟು ಹತ್ತಿರ. ಆದರೂ ಬರೆಯುವಾಗ ಅವನು ಅತ್ತ ತಲೆ ಹಾಕಲೇ ಇಲ್ಲ ಅಂತ ಈ ವಿಷಯದವರು ಇವತ್ತಿಗೂ ನಗುತ್ತಾ ಹೇಳುತ್ತಾರೆ. ಅದೇ ಪುಸ್ತಕ ಅವನ ಪಿಎಚ್‌ಡಿಯೂ ಆಯಿತು. ಮುಂದೆ ಅವನೇ ಅಮೆರಿಕದ ಅಧ್ಯಕ್ಷನೂ ಆದ. ಪುಸ್ತಕವೇನೂ ಕೆಟ್ಟದಲ್ಲ. ಸಭೆಯಲ್ಲಿ ನಡೆಯುವುದು ಪ್ರದರ್ಶನ, ನಿಜವಾದ ಕೆಲಸ ಸಮಿತಿ ಕೊಠಡಿಯಲ್ಲಿ ಅನ್ನುವ ಅವನ ಮಾತು ಇನ್ನೂ ಚಲಾವಣೆಯಲ್ಲಿದೆ.

ಫೆನ್ನೋ ಆ ಸಮಿತಿ ಕೊಠಡಿಯ ಬಾಗಿಲಿಗೇ ಹೋಗಿ ನಿಂತರು. ತಮಾಷೆ ನೋಡಿ, 1979ರಲ್ಲಿ ಅವರ ಪುಸ್ತಕವೊಂದಕ್ಕೆ ಬಂದ ದೊಡ್ಡ ಪ್ರಶಸ್ತಿ ಇದೇ ವಿಲ್ಸನ್ ಹೆಸರಿನದು.

ಸಮಿತಿಯಲ್ಲಿ ಅವರಿಗೆ ಏನು ಕಂಡಿತು?

ಅವರು ಆರಿಸಿಕೊಂಡಿದ್ದು ಪ್ರತಿನಿಧಿ ಸಭೆಯ ಧನವಿನಿಯೋಗ ಸಮಿತಿ. ಆಗ ಅದು 50 ಜನರ ಸಮಿತಿ. ಸರ್ಕಾರದ ಇಲಾಖೆಗಳು ಇಷ್ಟು ದುಡ್ಡು ಬೇಕು ಅಂತ ಬರುತ್ತವೆ, ಇವರು ಎಷ್ಟು ಕೊಡಬೇಕು ಅಂತ ತೀರ್ಮಾನ ಮಾಡುತ್ತಾರೆ. ಫೆನ್ನೋ 1947ರಿಂದ 1962ರವರೆಗಿನ ಲೆಕ್ಕ ತೆಗೆದರು. ಸದಸ್ಯರನ್ನು, ಸಿಬ್ಬಂದಿಯನ್ನು ಒಬ್ಬೊಬ್ಬರಾಗಿ ಮಾತಾಡಿಸಿದರು.

ಲೆಕ್ಕದಲ್ಲಿ ಕಂಡಿದ್ದು: ಸುಮಾರು ಮುಕ್ಕಾಲು ಪಾಲು ಸಲ ಸಮಿತಿ ಕೇಳಿದ್ದಕ್ಕಿಂತ ಕಡಿಮೆ ಕೊಟ್ಟಿತ್ತು. ಮಾತಿನಲ್ಲಿ ಕಂಡಿದ್ದು: ಯಾಕೆ ಅನ್ನುವುದು. ಆ ಸಮಿತಿಯವರು ತಮ್ಮನ್ನು ಖಜಾನೆಯ ಕಾವಲುಗಾರರು ಅಂತ ನಂಬಿದ್ದರು. ಹೊಸದಾಗಿ ಬಂದವನು ಬಾಯಿ ಮುಚ್ಚಿಕೊಂಡು ಕೆಲಸ ಕಲಿಯಬೇಕು. ಉಪಸಮಿತಿ ಹೇಳಿದ್ದನ್ನು ದೊಡ್ಡ ಸಮಿತಿ ಸಾಮಾನ್ಯವಾಗಿ ತಿದ್ದುವುದಿಲ್ಲ. ಒಳಗೆ ಪಕ್ಷದ ಜಗಳ ಬೇಡ, ಹೊರಗೆ ಹೋಗುವಾಗ ಎಲ್ಲರದ್ದೂ ಒಂದೇ ಮಾತು. ಇದೆಲ್ಲ ಯಾವ ನಿಯಮ ಪುಸ್ತಕದಲ್ಲೂ ಇಲ್ಲ. ದೊಡ್ಡ ಕೂಡು ಕುಟುಂಬದಲ್ಲಿ ಯಾರು ಮೊದಲು ಊಟಕ್ಕೆ ಕೂರಬೇಕು ಅಂತ ಎಲ್ಲೂ ಬರೆದಿರುವುದಿಲ್ಲ, ಆದರೆ ಎಲ್ಲರಿಗೂ ಗೊತ್ತಿರುತ್ತದಲ್ವಾ, ಹಾಗೆ. ಇಲ್ಲಿ ಕತ್ತರಿ ಬಿದ್ದ ಇಲಾಖೆಗಳು ಸೆನೆಟ್‌ಗೆ ಓಡುತ್ತಿದ್ದವು. ಸೆನೆಟ್ ಸಮಿತಿ ಮೇಲ್ಮನವಿ ಕೋರ್ಟಿನ ಹಾಗೆ ಸ್ವಲ್ಪ ವಾಪಸ್ ಕೊಡುತ್ತಿತ್ತು.

ಈ ಕೆಲಸ 1966ರಲ್ಲಿ ದಪ್ಪ ಪುಸ್ತಕವಾಗಿ ಬಂತು. 1973ರಲ್ಲಿ 6 ಸಮಿತಿಗಳನ್ನು ಹೋಲಿಸಿ ಇನ್ನೊಂದು ಬಂತು. ಶಾಸಕರಿಗೆ ಮುಖ್ಯವಾಗಿ 3 ಆಸೆ ಇರುತ್ತವೆ ಅಂತ ಅದರಲ್ಲಿ ಹೇಳಿದರು: ಮತ್ತೆ ಗೆಲ್ಲುವುದು, ಸಭೆಯೊಳಗೆ ಪ್ರಭಾವ ಬೆಳೆಸುವುದು, ಒಳ್ಳೆಯ ನೀತಿ ಮಾಡುವುದು. ಯಾರಿಗೆ ಯಾವ ಆಸೆ ಜಾಸ್ತಿಯೋ ಅಂಥ ಸಮಿತಿಗೆ ಹೋಗುತ್ತಾರೆ. ಮರುವರ್ಷವೇ ಯೇಲ್ ವಿಶ್ವವಿದ್ಯಾಲಯದ ಡೇವಿಡ್ ಮೇಹ್ಯೂ, ಮತ್ತೆ ಗೆಲ್ಲುವ ಆಸೆ ಒಂದನ್ನೇ ಇಟ್ಟುಕೊಂಡರೂ ಕಾಂಗ್ರೆಸ್ಸನ್ನು ಬಹುಮಟ್ಟಿಗೆ ವಿವರಿಸಬಹುದು ಅಂತ ಸಣ್ಣ ಪುಸ್ತಕ ಬರೆದರು. ಪರೀಕ್ಷೆಯಲ್ಲಿ ಇವರಿಬ್ಬರನ್ನು ಹೋಲಿಸಲು ಹೇಳಿದರೆ ಎಲ್ಲರೂ ಮೇಹ್ಯೂ ಕಡೆಗೇ ವಾಲುತ್ತಾರೆ. ಒಂದೇ ಪಾಯಿಂಟು, ನೆನಪಿಟ್ಟುಕೊಳ್ಳುವುದು ಸುಲಭ ನೋಡಿ.

ಕಾರಿನ ಕಥೆ ಯಾವಾಗ ಹೇಳ್ತೀರಿ?

ಬಂದೆ. ಸಮಿತಿಯ ಕೆಲಸ ಮಾಡುವಾಗ ಫೆನ್ನೋಗೆ ಒಂದು ವಿಷಯ ಗೊತ್ತಾಯಿತು. ವಾಷಿಂಗ್ಟನ್‌ನಲ್ಲಿ ಸಿಗುವ ಶಾಸಕ ಅರ್ಧ ಮನುಷ್ಯ. ಇನ್ನರ್ಧ ಅವನ ಕ್ಷೇತ್ರದಲ್ಲಿದೆ. ಅದನ್ನು ಯಾವ ಪ್ರೊಫೆಸರೂ ಹೋಗಿ ಸರಿಯಾಗಿ ನೋಡಿರಲಿಲ್ಲ. ಮತದಾರರು ಶಾಸಕನನ್ನು ಹೇಗೆ ನೋಡುತ್ತಾರೆ ಅಂತ ಸರ್ವೆ ಮಾಡುತ್ತಿದ್ದರು. ಫೆನ್ನೋ ಅದನ್ನು ಉಲ್ಟಾ ಮಾಡಿದರು. ಶಾಸಕ ತನ್ನ ಕ್ಷೇತ್ರದ ಕಡೆ ಕಣ್ಣು ಹಾಯಿಸಿದಾಗ ಅವನಿಗೆ ಯಾರು ಕಾಣುತ್ತಾರೆ? ಇಷ್ಟೇ ಪ್ರಶ್ನೆ.

1970ರಿಂದ 1977ರವರೆಗೆ ಪ್ರತಿನಿಧಿ ಸಭೆಯ 18 ಜನರ ಜತೆ ಅವರವರ ಕ್ಷೇತ್ರಕ್ಕೆ ಹೋದರು. 36 ಭೇಟಿ, ಒಟ್ಟು 110 ದಿನ. ಅವರು ಹೋದಲ್ಲಿಗೆ ಇವರೂ ಹೋಗುವುದು. ಅವರು ಭಾಷಣ ಮಾಡಿದರೆ ಮೂಲೆಯಲ್ಲಿ ನಿಂತು ಕೇಳುವುದು. ಒಂದು ಸಭೆಯಿಂದ ಇನ್ನೊಂದಕ್ಕೆ ಹೋಗುವಾಗ ಕಾರಿನಲ್ಲಿ ಮಾತು. ಈಗಷ್ಟೇ ಆ ಜನರಿಗೆ ಹೀಗೆ ಹೇಳಿದರಲ್ಲ, ಯಾಕೆ?

ಈ ವಿಧಾನಕ್ಕೆ ಅವರು ಕೊಟ್ಟ ಹೆಸರು ‘ಸೋಕಿಂಗ್ ಅಂಡ್ ಪೋಕಿಂಗ್’. ನಾನು ಕ್ಲಾಸಿನಲ್ಲಿ ‘ನೆನೆಯೋದು, ಕೆದಕೋದು’ ಅನ್ನುತ್ತೇನೆ. ಅವಲಕ್ಕಿ ಹಾಗೆ ಮೊದಲು ನೆನೆಯಬೇಕು. ಕೆದಕುವುದು ಆಮೇಲೆ. 1978ರಲ್ಲಿ ‘ಹೋಮ್ ಸ್ಟೈಲ್’ ಎಂಬ ಪುಸ್ತಕ ಬಂತು. ಅವರ ಹೆಸರು ಉಳಿದಿರುವುದು ಮುಖ್ಯವಾಗಿ ಇದರಿಂದಲೇ.

ರಾಜಕಾರಣಿಗಳು ಹೇಗೆ ಒಪ್ಪಿದರು?

ಪುಸ್ತಕದಲ್ಲಿ ಯಾರ ಹೆಸರೂ ಹಾಕಲಿಲ್ಲ, ಇದು ಒಂದು ಕಾರಣ. ಇನ್ನೊಂದು, ಅವರು ಪತ್ರಕರ್ತರ ಹಾಗೆ ನಾಳೆ ಬೆಳಿಗ್ಗೆ ಅಚ್ಚು ಹಾಕುವವರಲ್ಲ. ಯಾವತ್ತೋ ಬರುವ ಪುಸ್ತಕ, ಅದೂ ಪ್ರೊಫೆಸರುಗಳು ಓದುವುದು. ಮೂರನೆಯದೇ ನಿಜವಾದ ಕಾರಣ ಅಂತ ನನ್ನ ಅಂದಾಜು: ದಿನವಿಡೀ ಏನಾದರೂ ಕೇಳುವವರೇ ಸುತ್ತ ಇರುವ ಮನುಷ್ಯನಿಗೆ, ಏನೂ ಕೇಳದೆ ಸುಮ್ನೆ ಕೇಳಿಸಿಕೊಳ್ಳುವವನು ಸಿಕ್ಕರೆ ಮಾತು ತಾನಾಗಿ ಬರುತ್ತದೆ.

ಸಾರ್, ನೀವು ಇದನ್ನು ಮಾಡಿ ನೋಡಿದ್ದೀರಾ?

ಒಂದೇ ದಿನ. ಹಳೇ ಪರಿಚಯದ ಒಬ್ಬ ಶಾಸಕರ ಜತೆ ಹೋಗಿದ್ದೆ. ಹೆಸರು ಬೇಡ, ಫೆನ್ನೋ ಕೂಡ ಹೇಳಿರಲಿಲ್ಲ.

ಬೆಳಿಗ್ಗೆ ಆರೂವರೆಗೆ ಅವರ ಮನೆ ಮುಂದೆ ಶೀಟ್ ಹಾಕಿದ ಚಪ್ಪರದಲ್ಲಿ ಮೂವತ್ತು ನಲವತ್ತು ಜನ ಕೂತಿದ್ದರು. ಒಬ್ಬ ಅಜ್ಜಿ ವೃದ್ಧಾಪ್ಯ ವೇತನದ ಕಾಗದಗಳನ್ನು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಶಾಸಕರು ಹೊರಗೆ ಬಂದವರೇ ಮೊದಲು ಅವರ ಹತ್ತಿರ ಹೋದರು. ‘ಏನಜ್ಜಿ, ಇನ್ನೂ ಬಂದಿಲ್ವಾ?’ ಅಂದರು. ಹೋದ ಸಲ ಬಂದಿದ್ದು ಅವರಿಗೆ ನೆನಪಿತ್ತು. ಅಥವಾ ಪಿಎ ಕಿವಿಯಲ್ಲಿ ಹೇಳಿದ್ದನೋ, ನನಗೆ ಗೊತ್ತಾಗಲಿಲ್ಲ.

ಆಮೇಲೆ ಕಾರು. 4 ಮದುವೆ, 1 ತಿಥಿ, 1 ಬೋರ್‌ವೆಲ್ ಪೂಜೆ. ನಾಲ್ಕೂ ಮದುವೆಯಲ್ಲಿ ಎಲೆ ಮುಂದೆ ಕೂತರು. ನಾಲ್ಕು ಕಡೆಯೂ ಒಂದೊಂದು ಚಮಚ ಪಾಯಸ. ಕಾರಿನಲ್ಲಿ ಚಪ್ಪಲಿ ಬಿಟ್ಟು ಕಾಲು ಚಾಚಿ, ‘ಮೇಷ್ಟ್ರೇ, ಊಟ ಮಾಡದೆ ಎದ್ದು ಬಂದರೆ ಐದು ವರ್ಷ ನೆನಪಿಟ್ಕೋತಾರೆ’ ಅಂದರು. ನಾನು ತಕ್ಷಣ ಪೆನ್ನು ತೆಗೆದೆ. ಅವರ ಮಾತು ನಿಂತೇ ಹೋಯಿತು. ಅರ್ಧ ಗಂಟೆ ಕಿಟಕಿ ಕಡೆ ನೋಡುತ್ತಾ ಕೂತರು. ಪೆನ್ನು ಜೇಬಿಗೆ ಹಾಕಿದ ಮೇಲೇ ಮತ್ತೆ ಶುರುವಾಗಿದ್ದು. ಫೆನ್ನೋ ಮಾತುಗಳನ್ನು ತಲೆಯಲ್ಲಿ ಇಟ್ಟುಕೊಂಡು ಬಂದು ಆಮೇಲೆ ಯಾಕೆ ಬರೆಯುತ್ತಿದ್ದರು ಅಂತ ಅವತ್ತು ನನಗೆ ಅರ್ಥವಾಯಿತು. ಓದಿದಾಗ ಆಗಿರಲಿಲ್ಲ.

ದಾರಿಯಲ್ಲಿ ಸಿಕ್ಕ ಒಂದೊಂದು ಊರಿಗೂ ಅವರ ಹತ್ತಿರ ಒಂದೊಂದು ಲೆಕ್ಕ ಇತ್ತು. ‘ಇದು ಪೂರ್ತಿ ನಮ್ದೇ.’ ‘ಇದು ಅರ್ಧ.’ ಒಂದು ಊರು ಬಂದಾಗ ಡ್ರೈವರಿಗೆ ನಿಧಾನ ಮಾಡು ಅಂದು, ಗಾಜು ಇಳಿಸಿ, ಕೈ ಮುಗಿಯುತ್ತಾ ಹೋದರು. ಗಾಜು ಏರಿಸಿ ಹೇಳಿದರು: ‘ಇವರು ಹಾಕಲ್ಲ. ಆದ್ರೂ ಕೈ ಮುಗೀಬೇಕು.’

ಇದೇನಾ ಫೆನ್ನೋ ಹೇಳುವ ನಾಲ್ಕು ವೃತ್ತ?

ಇದೇ. ಒಂದರೊಳಗೆ ಒಂದು ಇರುವ ನಾಲ್ಕು ವೃತ್ತ. ಎಲ್ಲಕ್ಕಿಂತ ಹೊರಗಿನದು ಭೂಪಟದ ಕ್ಷೇತ್ರ, ಗೆರೆಯೊಳಗಿನ ಎಲ್ಲರೂ. ಅದರೊಳಗೆ, ನನಗೆ ಓಟು ಹಾಕುತ್ತಾರೆ ಅಂತ ಅವನು ಅಂದುಕೊಂಡವರು. ಅದರೊಳಗೆ, ಏನೇ ಆದರೂ ಕೈಬಿಡದ ಗಟ್ಟಿ ಬೆಂಬಲಿಗರು. ತೀರಾ ಒಳಗೆ, ರಾತ್ರಿ ಹತ್ತಕ್ಕೂ ಫೋನ್ ಮಾಡಿ ‘ಏನ್ ಮಾಡೋಣ’ ಅಂತ ಕೇಳಬಹುದಾದ ನಾಲ್ಕಾರು ಜನ. ಶಾಸಕ ಯಾವ ವೃತ್ತದ ಮುಂದೆ ನಿಂತಿದ್ದಾನೆ ಅನ್ನುವುದರ ಮೇಲೆ ಅವನ ಮಾತು, ನಡೆ, ಕೆಲವೊಮ್ಮೆ ಬಟ್ಟೆಯೂ ಬದಲಾಗುತ್ತದೆ. ವಾಷಿಂಗ್ಟನ್‌ನಲ್ಲಿ ಹಾಕಿದ ಓಟಿಗೆ ಊರಿನಲ್ಲಿ ಕೊಡುವ ವಿವರಣೆ ಕೂಡ ಇದರ ಭಾಗವೇ. ಹೀಗೆ ಊರಿನಲ್ಲಿ ಕಾಣಿಸಿಕೊಳ್ಳುವ ಪೂರ್ತಿ ರೀತಿಗೇ ಅವರು ‘ಹೋಮ್ ಸ್ಟೈಲ್’ ಅಂದಿದ್ದು.

‘ಫೆನ್ನೋ ವಿರೋಧಾಭಾಸ’ ಅಂದರೆ?

ಅಮೆರಿಕದವರಿಗೆ ಕಾಂಗ್ರೆಸ್ ಕಂಡರೆ ಸಿಟ್ಟು. ಆದರೆ ತಮ್ಮ ಕ್ಷೇತ್ರದ ಸದಸ್ಯ ಮಾತ್ರ ಒಳ್ಳೆಯವನು. ಅದಕ್ಕೇ ಸಂಸ್ಥೆಗೆ ಬೈಯುತ್ತಲೇ ಅವನನ್ನು ಮತ್ತೆ ಗೆಲ್ಲಿಸುತ್ತಾರೆ. ಸದಸ್ಯರಿಗೂ ಇದು ಗೊತ್ತು. ಊರಿಗೆ ಬಂದಾಗ ಅವರೂ ಕಾಂಗ್ರೆಸ್ಸಿಗೇ ಬೈಯುತ್ತಾರೆ, ತಾವು ಅಲ್ಲಿ ಕೂರುವವರೇ ಅಲ್ಲವೇನೋ ಎಂಬಂತೆ.

ಕರ್ನಾಟಕದಲ್ಲೂ ಹಾಗೇನಾ?

ಹಾಗೆ ಹೇಳಲು ಧೈರ್ಯ ಸಾಲದು. ಇಲ್ಲಿ 1985ರಲ್ಲಿ ರಾಮಕೃಷ್ಣ ಹೆಗಡೆ ಮತ್ತೆ ಗೆದ್ದು ಬಂದ ಮೇಲೆ, 2023ರ ಚುನಾವಣೆವರೆಗೆ, ಆಳುವ ಪಕ್ಷ ಜನರಿಂದ ಮತ್ತೊಮ್ಮೆ ಅಧಿಕಾರ ಪಡೆದಿಲ್ಲ. ಸರ್ಕಾರದ ಮೇಲಿನ ಸಿಟ್ಟಿನಲ್ಲಿ ಒಳ್ಳೆಯ ಶಾಸಕರೂ ಕೊಚ್ಚಿಹೋಗುತ್ತಾರೆ. ಯಾರು ಆ ಪ್ರವಾಹದಲ್ಲೂ ನಿಲ್ಲುತ್ತಾರೆ, ಯಾಕೆ? ಪಿಎಚ್‌ಡಿಗೆ ವಿಷಯ ಹುಡುಕುವವರು ಇದನ್ನು ತೆಗೆದುಕೊಳ್ಳಿ. ನನಗೆ ಕೃತಜ್ಞತೆ ಹೇಳಿದರೆ ಸಾಕು.

ರಾಚೆಸ್ಟರ್ ಅಂದರೆ ಗಣಿತದ ಸ್ಕೂಲು ಅಂತ ಓದಿದ್ದೇವೆ. ಅಲ್ಲಿ ಇವರು ಹೇಗೆ?

ಒಳ್ಳೆಯ ಪ್ರಶ್ನೆ. 1962ರಲ್ಲಿ ವಿಲಿಯಂ ರೈಕರ್ ಅಲ್ಲಿನ ವಿಭಾಗಕ್ಕೆ ಮುಖ್ಯಸ್ಥರಾಗಿ ಬಂದರು. ರಾಜಕೀಯವನ್ನು ಆಟದ ಸಿದ್ಧಾಂತದಿಂದ (ಗೇಮ್ ಥಿಯರಿ, ಅಂದರೆ ಎದುರಿನವನ ನಡೆ ನೋಡಿ ನಮ್ಮ ನಡೆ ಇಡುವುದರ ಗಣಿತ), ಸೂತ್ರಗಳಿಂದ ಬಿಡಿಸುವುದು ಅವರ ದಾರಿ. ಪಕ್ಕದಲ್ಲೇ ಫೆನ್ನೋ, ಸೂತ್ರವಿಲ್ಲದೆ ಶಾಸಕರ ಹಿಂದೆ ಓಡಾಡುವವರು. ಜಗಳ ಆಗಬೇಕಿತ್ತಲ್ವಾ? ಆಗಿದ್ದು ಬೇರೆ. ಮೋರಿಸ್ ಫಿಯೋರಿನಾ, ಕೆನೆತ್ ಶೆಪ್ಸಲ್, ಡೇವಿಡ್ ರೋಡಿ, ಬಾರ್ಬರಾ ಸಿಂಕ್ಲೇರ್, ಕೀತ್ ಪೂಲ್ ಎಲ್ಲ ಆ ವಿಭಾಗದಲ್ಲಿ ಪಿಎಚ್‌ಡಿ ಮಾಡಿದವರೇ. ಮುಂದಿನ ಪೀಳಿಗೆಯಲ್ಲಿ ಅಮೆರಿಕದ ಶಾಸನಸಭೆಯ ಅಧ್ಯಯನ ಅಂದರೆ ಇವರ ಹೆಸರುಗಳೇ. ಪೂಲ್ ಅಂತೂ, ಸದಸ್ಯರು ಹಾಕಿದ ಓಟುಗಳನ್ನೆಲ್ಲ ಲೆಕ್ಕಕ್ಕೆ ಹಾಕಿ ಯಾರು ಎಷ್ಟು ಎಡ, ಎಷ್ಟು ಬಲ ಅಂತ ಅಳೆಯುವ ವಿಧಾನವನ್ನು ಹೊವರ್ಡ್ ರೋಸೆಂತಾಲ್ ಜತೆ ಸೇರಿ ಕಟ್ಟಿದರು.

435ರಲ್ಲಿ ಬರೀ 18 ಜನ. ಇದು ವಿಜ್ಞಾನವಾ?

ಫೆನ್ನೋ ಅದನ್ನು ಮುಚ್ಚಿಡಲಿಲ್ಲ. ಅಂಕಿಅಂಶದ ಅರ್ಥದಲ್ಲಿ ಇದು ಮಾದರಿಯೇ ಅಲ್ಲ ಅಂತ ಒಪ್ಪಿಕೊಂಡರು. ಶಾಸಕರ ಜತೆ ಸ್ನೇಹ ಬೆಳೆದರೆ ಕಣ್ಣು ಮಂಜಾಗುವ ಅಪಾಯದ ಬಗ್ಗೆಯೂ ಬರೆದರು. ನನಗೆ ಅನ್ನಿಸುವುದು ಇಷ್ಟು: ಯಾವುದನ್ನು ಎಣಿಸಬೇಕು ಅಂತ ಗೊತ್ತಾಗಲು ಯಾರಾದರೂ ಮೊದಲು ಹೋಗಿ ನೋಡಿಕೊಂಡು ಬರಬೇಕು. ಆದರೂ ಒಂದು ದೂರು ಉಳಿಯುತ್ತದೆ. ಜತೆಗೆ ಬರಲು ಬಿಟ್ಟವರನ್ನು ಮಾತ್ರ ಅವರು ನೋಡಿದ್ದು. ಕಾರಿನ ಬಾಗಿಲು ತೆಗೆಯದವನ ಕಥೆ ಈ ವಿಧಾನಕ್ಕೆ ಸಿಗುವುದೇ ಇಲ್ಲ.

ಅವರು ಹಿಂಬಾಲಿಸಿದವರಲ್ಲಿ ಯಾರಾದರೂ ದೊಡ್ಡವರಾದರಾ?

ಡ್ಯಾನ್ ಕ್ವೇಲ್, ಮುಂದೆ ಅಮೆರಿಕದ ಉಪಾಧ್ಯಕ್ಷರಾದವರು. 1980ರ ಸೆನೆಟ್ ಚುನಾವಣೆಯ ಹೊತ್ತಿನಿಂದ ಫೆನ್ನೋ ಇವರನ್ನು ಗಮನಿಸುತ್ತಿದ್ದರು. 1988ರಲ್ಲಿ ಕ್ವೇಲ್ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಯಾದಾಗ ಇಡೀ ದೇಶ ನಗಲು ಶುರು ಮಾಡಿತು. 1989ರಲ್ಲಿ ಬಂದ ಫೆನ್ನೋ ಪುಸ್ತಕದಲ್ಲಿ ಇದ್ದದ್ದು ಬೇರೆ ಮನುಷ್ಯ: 1982ರ ಉದ್ಯೋಗ ತರಬೇತಿ ಕಾಯ್ದೆಗಾಗಿ ಎದುರು ಪಕ್ಷದ ಎಡ್ವರ್ಡ್ ಕೆನಡಿ ಜತೆ ಕೂತು ಕೆಲಸ ಮಾಡಿದ ಹೊಸ ಸೆನೆಟರ್. ಗಗನಯಾತ್ರಿ ಜಾನ್ ಗ್ಲೆನ್ 1984ರಲ್ಲಿ ಅಧ್ಯಕ್ಷರಾಗಲು ಹೊರಟು ಸೋತಿದ್ದನ್ನೂ ಒಂದು ಪುಸ್ತಕ ಮಾಡಿದರು. ಸೋತವರ ಬಗ್ಗೆ ಇಷ್ಟು ತಾಳ್ಮೆಯಿಂದ ಬರೆದವರು ಕಡಿಮೆ.

ಅಷ್ಟೊಂದು ಟಿಪ್ಪಣಿ ಏನಾಯಿತು?

ಅಮೆರಿಕದ ರಾಷ್ಟ್ರೀಯ ಪತ್ರಾಗಾರಕ್ಕೆ ಕೊಟ್ಟರು. ತಾವೂ ಅದನ್ನು ಮತ್ತೆ ಬಳಸಿದರು. ಕಪ್ಪು ಜನಾಂಗದ ಪ್ರತಿನಿಧಿಗಳಾದ ಲೂಯಿಸ್ ಸ್ಟೋಕ್ಸ್, ಬಾರ್ಬರಾ ಜೋರ್ಡನ್ ಜತೆ 1970ರ ದಶಕದಲ್ಲಿ ಓಡಾಡಿದ್ದ ಟಿಪ್ಪಣಿಗಳಿದ್ದವು. ಮುಂದಿನ ತಲೆಮಾರಿನ ಇಬ್ಬರ ಜತೆಯೂ ಓಡಾಡಿ, ಎರಡನ್ನೂ ಎದುರುಬದುರು ಇಟ್ಟು 2003ರಲ್ಲಿ ಪುಸ್ತಕ ತಂದರು. ಆಗ ಅವರಿಗೆ 76 ವರ್ಷ. ನಾವು ಸೆಮಿಸ್ಟರ್ ಮುಗಿದ ಕೂಡಲೇ ನೋಟ್ಸ್ ಗುಜರಿಗೆ ಹಾಕುತ್ತೇವೆ.

ಅಲ್ಲಿ ಪ್ರೊಫೆಸರ್ ಆಗುವ ದಾರಿ ಹೇಗೆ?

ಪಿಎಚ್‌ಡಿಗೆ 5–6 ವರ್ಷ. ಆಮೇಲೆ ಅಸಿಸ್ಟೆಂಟ್ ಪ್ರೊಫೆಸರ್. ಸುಮಾರು 6 ವರ್ಷದ ಹೊತ್ತಿಗೆ ‘ಟೆನ್ಯೂರ್’ ಪರೀಕ್ಷೆ: ಪುಸ್ತಕ, ಲೇಖನ ನೋಡಿ ಕಾಯಂ ಮಾಡುತ್ತಾರೆ, ಇಲ್ಲದಿದ್ದರೆ ಬೇರೆ ಊರು ಹುಡುಕಬೇಕು. ಕಾಯಂ ಆದವರು ಅಸೋಸಿಯೇಟ್, ಆಮೇಲೆ ಪೂರ್ಣ ಪ್ರೊಫೆಸರ್. ಶಾಸನಸಭೆ ಓದುವವರಿಗೆ ಇನ್ನೊಂದು ಅನುಕೂಲ ಇದೆ. ಅಮೆರಿಕದ ರಾಜ್ಯಶಾಸ್ತ್ರ ಸಂಘ 1953ರಿಂದ ಒಂದು ಫೆಲೋಶಿಪ್ ನಡೆಸುತ್ತಿದೆ. ಸಂಶೋಧಕರು ಕಾಂಗ್ರೆಸ್ ಸದಸ್ಯರ ಕಚೇರಿಯಲ್ಲೇ ಕೆಲವು ತಿಂಗಳು ಕೆಲಸ ಮಾಡಬಹುದು. ಫೆನ್ನೋ 1984–85ರಲ್ಲಿ ಇದೇ ಸಂಘದ ಅಧ್ಯಕ್ಷರಾಗಿದ್ದರು. ಶಾಸನಸಭೆ ಕುರಿತ ಒಳ್ಳೆಯ ಪುಸ್ತಕಕ್ಕೆ ಈಗ ಅವರ ಹೆಸರಿನಲ್ಲೇ ಪ್ರಶಸ್ತಿ ಕೊಡುತ್ತಾರೆ.

ನಮ್ಮಲ್ಲಿ ಈ ಕೆಲಸ ಮಾಡಬಹುದಾ?

ಎಂಎ, ನೆಟ್ ಅಥವಾ ಕೆ-ಸೆಟ್, ಪಿಎಚ್‌ಡಿ. ದಾರಿ ನಿಮಗೆ ಗೊತ್ತೇ ಇದೆ. ವಿಷಯದ ಬಗ್ಗೆ ಹೇಳುತ್ತೇನೆ. ಪೂಲ್ ಮಾಡಿದ ಹಾಗೆ ಓಟು ಎಣಿಸುವುದು ಇಲ್ಲಿ ಕಷ್ಟ. ಬಹಳಷ್ಟು ಮಸೂದೆಗಳು ಧ್ವನಿಮತದಲ್ಲೇ ಪಾಸಾಗುತ್ತವೆ. 1985ರ ಪಕ್ಷಾಂತರ ನಿಷೇಧ ಕಾಯ್ದೆ ಬಂದ ಮೇಲೆ ವಿಪ್ ಮೀರಿ ಓಟು ಹಾಕಿದರೆ ಕುರ್ಚಿಯೇ ಹೋಗಬಹುದು. ಹಾಗಾಗಿ ಶಾಸಕನ ಓಟಿನಲ್ಲಿ ಕಾಣುವುದು ಪಕ್ಷದ ಮನಸ್ಸು, ಅವನದಲ್ಲ. ಅವನ ಮನಸ್ಸು ಅವನು ಕೇಳುವ ಪ್ರಶ್ನೆಗಳಲ್ಲಿ, ಬರೆಯುವ ಶಿಫಾರಸು ಪತ್ರದಲ್ಲಿ, ಕೂರುವ ಮದುವೆ ಊಟದಲ್ಲಿ ಸಿಗುತ್ತದೆ. ಅದಕ್ಕೇ ಫೆನ್ನೋ ದಾರಿ ಅಮೆರಿಕಕ್ಕಿಂತ ನಮಗೇ ಚೆನ್ನಾಗಿ ಹೊಂದುತ್ತದೆ ಅನ್ನುವುದು ನನ್ನ ಹಟ. ವಿಧಾನಸಭೆಯಲ್ಲೇ 224 ಜನ ಇದ್ದಾರೆ, ಪರಿಷತ್ತಿನಲ್ಲಿ 75.

ಹಳೇ ಕಾಗದ ಇಷ್ಟಪಡುವವರಿಗೆ ಮೈಸೂರು ಪ್ರಜಾಪ್ರತಿನಿಧಿ ಸಭೆಯಿದೆ. 1881ರಲ್ಲಿ ದಿವಾನ್ ರಂಗಾಚಾರ್ಲು ಕಾಲದಲ್ಲಿ ಶುರುವಾಗಿದ್ದು, ದಸರಾ ಹೊತ್ತಿನಲ್ಲಿ ಸೇರುತ್ತಿತ್ತು. ಕಾನೂನು ಮಾಡುವ ಅಧಿಕಾರ ಅದಕ್ಕಿರಲಿಲ್ಲ. ಊರೂರಿಂದ ಬಂದವರು ದಿವಾನರ ಮುಂದೆ ತಮ್ಮ ಕಡೆಯ ಅಹವಾಲು ಹೇಳಿಕೊಳ್ಳುತ್ತಿದ್ದರು. ಆ ಕಾಗದ ಓದುವಾಗೆಲ್ಲ ನನಗೆ ಪ್ಲಾಸ್ಟಿಕ್ ಕವರಿನ ಅಜ್ಜಿ ನೆನಪಾಗುತ್ತಾರೆ.

ಫೆನ್ನೋ ಓದಲು ಎಲ್ಲಿಂದ ಶುರು ಮಾಡಬೇಕು?

‘ಹೋಮ್ ಸ್ಟೈಲ್’ನ ಕೊನೆಯಿಂದ. ಅಲ್ಲಿ ಉದ್ದನೆಯ ಒಂದು ಅನುಬಂಧ ಇದೆ. ಹೇಗೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡೆ, ಎಲ್ಲಿ ಎಡವಿದೆ, ಯಾವಾಗ ಸುಮ್ಮನಿರಬೇಕಿತ್ತು ಅಂತೆಲ್ಲ ಅದರಲ್ಲೇ ಬರೆದಿದ್ದಾರೆ. ಕಾಲೇಜು ಲೈಬ್ರರಿಯಲ್ಲಿ ಒಂದು ಪ್ರತಿ ಇತ್ತು. ನಾನೇ ತಂದಿಟ್ಟುಕೊಂಡು ವಾಪಸ್ ಕೊಟ್ಟಿಲ್ಲ. ಬೇಕಾದವರು ಸ್ಟಾಫ್ ರೂಮಿಗೆ ಬನ್ನಿ.